ತಪ್ಪಿದ್ದರೆ ನೀವೇ ತಿದ್ದಬಹುದಂತೆ!

ಶಿವರಾತ್ರಿ ಹತ್ತಿರ ಬಂತೆಂದರೆ ನಮ್ಮ ಸಂಕೇಶ್ವರದಲ್ಲಿ ಮಾಳಿಗೆಗಳೆಲ್ಲ ಕೆಂಪಾಗುತ್ತವೆ. ವರ್ಷದ ಖಾರಕ್ಕೆ ಮೆಣಸಿನಕಾಯಿ ಒಣಹಾಕುವ ಕಾಲ ಅದು. ಈ ಸಲವೂ ನಾನು, ನಮ್ಮ ಅತ್ತೆಯವರು ತೊಟ್ಟು ಮುರಿಯುತ್ತ ಕುಳಿತಿದ್ದೆವು. ಕಣ್ಣು ಉರಿ, ಮೂಗು ಉರಿ. ಮಾತಿಗೆ ಮಾತ್ರ ಬರವಿಲ್ಲ. ನಿಪ್ಪಾಣಿಯಲ್ಲಿ ಕಾಲೇಜು ಓದುವ ಭಾವನವರ ಮಗಳು ಸಹಾಯಕ್ಕೆಂದು ಬಂದವಳು, ಸಹಾಯ ಬಿಟ್ಟು ಮೊಬೈಲು ಹಿಡಿದು ಕುಳಿತಿದ್ದಳು.

"ಆಯಿ, ಬ್ಯಾಡಗಿ ಮೆಣಸಿನಕಾಯಿಗೆ 2011ರಾಗ ಸರಕಾರದ ಜಿ.ಐ. ಗುರುತು ಸಿಕ್ಕೈತಂತ. ವಿಕಿಪೀಡಿಯಾದಾಗ ಐತಿ ನೋಡ."

ಬ್ಯಾಡಗಿಯ ಹೆಸರೆತ್ತಿದರೆ ಅತ್ತೆಯವರಿಗೆ ತುಸು ಸಿಟ್ಟು. "ಅದು ಬಣ್ಣಕ್ಕ ಛಲೋ. ಖಾರ ಬೇಕಂದ್ರ ನಮ್ಮ ಸಂಕೇಶ್ವರೀನ ಆಗಬೇಕು. ಗಡಹಿಂಗ್ಲಜ ಪ್ಯಾಟ್ಯಾಗ ಹೋಗಿ ಕೇಳ, ಯಾವ ಊರ ಹೆಸರಲೆ ಮಾರತಾರಂತ. ಅದನ್ನ ಬರದಾರೇನ ಅದರಾಗ? ಬರಿಯಾವ್ರ ಯಾರ ಅದನ್ನ?"

"ಯಾರ ಬೇಕಾದ್ರೂ ಬರೀಬಹುದು ಆಯಿ. ತಪ್ಪಿದ್ರ ತಿದ್ದಬಹುದು. ನೀನೂ ಸೈತ."

ಅತ್ತೆಯವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಖಾರದ ಕೈಯಲ್ಲಿ ಮೊಬೈಲು ಮುಟ್ಟುವಂತಿರಲಿಲ್ಲ. ರಾತ್ರಿ ಅಡುಗೆಮನೆ ಒರೆಸಿ ಮುಗಿದ ಮೇಲೆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಆಮೇಲೆ ಹದಿನೈದು ದಿನ ನನಗೆ ಅದೇ ಗುಂಗು. ತಿಳಿದದ್ದಷ್ಟನ್ನು ಸೋದರಿಯರ ಮುಂದೆ ಇಡುತ್ತಿದ್ದೇನೆ.

ಅರಳಿ ಕಟ್ಟೆ

ವಿಕಿಪೀಡಿಯ ಎಂಬುದು ಎಲ್ಲರೂ ಕೂಡಿ ಬರೆಯುವ ವಿಶ್ವಕೋಶ. ಇಂಗ್ಲಿಷಿನಲ್ಲಿ ಅದು ಶುರುವಾದದ್ದು 2001ರ ಜನವರಿ 15ರಂದು, ಕನ್ನಡದಲ್ಲಿ 2003ರಲ್ಲಿ. ಇಂದು ಕನ್ನಡದಲ್ಲಿಯೇ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಜಾಹೀರಾತಿಲ್ಲ, ಓದಲು ಕಾಸಿಲ್ಲ. ಜನ ಕೊಡುವ ದೇಣಿಗೆಯಿಂದ ಅಮೆರಿಕದ ವಿಕಿಮೀಡಿಯ ಫೌಂಡೇಶನ್ ಎಂಬ ಸಂಸ್ಥೆ ಇದನ್ನು ನಡೆಸುತ್ತದೆ. ಬರೆಯುವವರಿಗೆ ಸಂಬಳವಿಲ್ಲ. (ಸಂಬಳವಿಲ್ಲದ ಕೆಲಸ ಎಂದರೆ ನಮಗೆ ಹೊಸದೇನಲ್ಲ ಬಿಡಿ!)

ಪ್ರತಿ ಲೇಖನದ ತಲೆಯ ಮೇಲೆ ಕೆಲವು ಮಾತುಗಳಿರುತ್ತವೆ. 'ಸಂಪಾದಿಸಿ' ಎಂಬುದನ್ನು ಒತ್ತಿದರೆ ಆ ಬರಹವನ್ನು ನೀವೇ ತಿದ್ದಬಹುದು. 'ಚರ್ಚೆ' ಒತ್ತಿದರೆ ಆ ಲೇಖನದಲ್ಲಿ ಏನು ಸರಿಯಿಲ್ಲ, ಏನು ಸೇರಬೇಕು ಎಂದು ಜನ ಆಡಿದ ಮಾತುಗಳು. 'ಇತಿಹಾಸ' ಒತ್ತಿದರೆ ಯಾರು, ಯಾವ ದಿನ, ಎಷ್ಟು ಗಂಟೆಗೆ ಏನು ಬದಲಾಯಿಸಿದರು ಎಂಬುದರ ಪೂರ್ತಿ ಲೆಕ್ಕ, ನಾವು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆದಿಟ್ಟ ಹಾಗೆ. ಈ 'ಇತಿಹಾಸ' ಬಹಳ ದೊಡ್ಡ ಧೈರ್ಯ. ಮೊದಲ ದಿನವೇ ನಾನು ಯಾವುದೋ ಗುಂಡಿ ಒತ್ತಿ ಒಂದು ಇಡೀ ಪರಿಚ್ಛೇದ ಮಾಯ ಮಾಡಿಬಿಟ್ಟೆ. ಎದೆ ಧಸಕ್ಕೆಂದಿತು. ಹುಡುಗಿ ನಕ್ಕು, ಇತಿಹಾಸಕ್ಕೆ ಹೋಗಿ, ಎರಡು ಸಲ ಒತ್ತಿ ಮೊದಲಿದ್ದಂತೆ ಮಾಡಿಟ್ಟಳು. ಒಗ್ಗರಣೆ ಸೀದರೆ ಹೀಗೆ ಹಿಂದಕ್ಕೆ ತರುವ ಉಪಾಯವಿದ್ದಿದ್ದರೆ!

ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಕೂಡಿ ಮಾತಾಡುವ ಒಂದು ಪುಟವಿದೆ. ಅದರ ಹೆಸರೇ 'ಅರಳಿ ಕಟ್ಟೆ'. ಹೆಸರು ಇಟ್ಟವರು ಯಾರೋ, ಚೆನ್ನಾಗಿ ಇಟ್ಟಿದ್ದಾರೆ. ಆದರೆ ಅದನ್ನು ಓದಿದಾಗ ನನಗೆ ಬೇರೆಯೇ ಒಂದು ಯೋಚನೆ ಬಂತು. ನಮ್ಮ ಊರುಗಳಲ್ಲಿ ಕಟ್ಟೆಯ ಮೇಲೆ ಕೂಡುವವರು ಯಾರು? ಗಂಡಸರು. ನಾವು ಸೆರಗು ಸರಿಮಾಡಿಕೊಂಡು ಅದರ ಮುಂದಿನಿಂದ ಹಾದುಹೋಗುವವರು. ಈ ಕಟ್ಟೆಯ ಕಥೆಯೂ ಹಾಗೆಯೇ ಏನು ಎಂದು ಹುಡುಕಿದೆ.

ಹೌದು, ಹಾಗೆಯೇ ಇತ್ತು.

ಒಂಬತ್ತು ಕಾರಣ

2011ರಲ್ಲಿ ವಿಕಿಪೀಡಿಯದವರು ತಮ್ಮಲ್ಲಿ ಬರೆಯುವವರ ಸಮೀಕ್ಷೆ ಮಾಡಿದರು. ನೂರು ಜನ ಬರೆಯುವವರಲ್ಲಿ ಹೆಂಗಸರು ಹತ್ತು ಮಂದಿಯೂ ಇರಲಿಲ್ಲ. ಆಗ ಫೌಂಡೇಶನ್ನಿನ ಮುಖ್ಯಸ್ಥೆಯಾಗಿದ್ದವರು ಸ್ಯೂ ಗಾರ್ಡನರ್ ಎಂಬ ಮಹಿಳೆ. ಆಕೆ ಒಂದು ಜಾಣತನದ ಕೆಲಸ ಮಾಡಿದರು. ಹೆಂಗಸರು ಯಾಕೆ ಬರೆಯುವುದಿಲ್ಲ ಎಂದು ಗಂಡಸರನ್ನು ಕೇಳದೆ, ಹೆಂಗಸರೇ ಅಲ್ಲಲ್ಲಿ ಆಡಿದ ಮಾತುಗಳನ್ನು ಆರಿಸಿ ಒಂಬತ್ತು ಕಾರಣ ಪಟ್ಟಿಮಾಡಿ ಪ್ರಕಟಿಸಿದರು.

ಬರೆಯುವ ವಿಧಾನ ತೊಡಕಿನದು, ತೆರೆಯ ಮೇಲೆ ಕಾಣುವ ಗುರುತುಗಳು ಅರ್ಥವಾಗುವುದಿಲ್ಲ. ಪುರುಸೊತ್ತಿಲ್ಲ. 'ನನಗೇನು ಗೊತ್ತಿದೆ ಬರೆಯಲಿಕ್ಕೆ' ಎಂಬ ಅಳುಕು. ಜಗಳ ಬೇಡವೆನ್ನುವ ಸ್ವಭಾವ. ಅಲ್ಲಿಯೋ ಮಾತುಮಾತಿಗೆ ವಾದ. ಕಷ್ಟಪಟ್ಟು ಬರೆದದ್ದನ್ನು ಇನ್ನಾರೋ ಒಂದು ಕ್ಷಣದಲ್ಲಿ ಅಳಿಸಿಹಾಕುತ್ತಾರೆ. ಹೆಂಗಸರನ್ನು ಹಗುರಾಗಿ ಕಾಣುವ ವಾತಾವರಣ. ಮುಜುಗರವಾಗುವಂಥ ಬರಹ, ಚಿತ್ರ. ಕೆಲವು ಭಾಷೆಗಳಲ್ಲಿ 'ಸದಸ್ಯ' ಎಂಬ ಶಬ್ದ ಗಂಡಿಗೇ ಸೀಮಿತ. ಬಂದವರನ್ನು 'ಬಾ, ಕೂತುಕೋ' ಎನ್ನುವ ಸ್ನೇಹವಿಲ್ಲ.

ಓದುತ್ತ ಹೋದಂತೆ ಇದು ಅಮೆರಿಕದ ಹೆಂಗಸರ ಪಟ್ಟಿಯೋ ನಮ್ಮ ಓಣಿಯ ಹೆಂಗಸರದೋ ಎಂದು ಅನುಮಾನ ಬಂತು. ಸಂಘದ ಸಭೆಯಲ್ಲಿ ಬಾಯಿ ತೆರೆಯಲು ನಾವು ಹಿಂಜರಿಯುವುದಕ್ಕೂ ಇವೇ ಕಾರಣಗಳಲ್ಲವೇ?

ದೂರು ಕೇಳಿದ್ದಾಯಿತು, ಮುಂದೆ ಏನು ಮಾಡಿದರು ಎಂಬುದೇ ಮುಖ್ಯ. 2012ರಲ್ಲಿ ಹೊಸಬರು ಏನು ಬೇಕಾದರೂ ಕೇಳಬಹುದಾದ ಒಂದು ಪುಟ ಇಂಗ್ಲಿಷಿನಲ್ಲಿ ಶುರುವಾಯಿತು. ಅದಕ್ಕೆ ಚಹಾದ ಮನೆ ಎಂಬ ಅರ್ಥದ ಹೆಸರು. ಎಷ್ಟು ದಡ್ಡ ಪ್ರಶ್ನೆ ಕೇಳಿದರೂ ಅಲ್ಲಿ ರೇಗುವಂತಿಲ್ಲ. 2013ರಲ್ಲಿ ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ಧನ್ಯವಾದ ತಿಳಿಸುವ ಪುಟ್ಟ ಗುಂಡಿ ಬಂತು. ಜರ್ಮನ್ ಭಾಷೆಯಲ್ಲಿ ಸದಸ್ಯೆಯರ ಪುಟಕ್ಕೆ ಹೆಣ್ಣು ರೂಪದ ಹೆಸರೇ ಬಂತು. ಸಣ್ಣ ಸಣ್ಣ ಸಂಗತಿಗಳು. ಆದರೆ ಬಡಿಸಿದ ಮೇಲೆ 'ಸಾರು ಚಲೋ ಆಗಿತ್ತು' ಎಂಬ ಒಂದು ಮಾತು ಎಷ್ಟು ದೂರ ನಡೆಸುತ್ತದೆಂದು ನಮಗಿಂತ ಬಲ್ಲವರು ಯಾರು?

ದೊಡ್ಡ ಬದಲಾವಣೆ ಮಾತ್ರ ಅಷ್ಟು ಸುಲಭವಾಗಿ ಆಗಲಿಲ್ಲ. ಗುರುತುಗಳ ಗೋಜಿಲ್ಲದೆ, ಕಾಗದದ ಮೇಲೆ ಬರೆದ ಹಾಗೆ ನೇರವಾಗಿ ಬರೆಯುವ ಹೊಸ ಸಾಧನವನ್ನು 2013ರ ಜುಲೈಯಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಎಲ್ಲರ ಮುಂದಿಟ್ಟರು. ಅದಿನ್ನೂ ಹದಕ್ಕೆ ಬಂದಿರಲಿಲ್ಲ. ನಿಧಾನ, ಬರೆದದ್ದು ಕಲಸಿಹೋಗುವುದು, ಹೀಗೆ ಹತ್ತೆಂಟು ತಕರಾರು. ಹಿಟ್ಟು ನಾದದೆ ರೊಟ್ಟಿ ಬಡಿದರೆ ಹರಿಯದೇ ಇರುತ್ತದೆಯೇ? ಹಳಬರೆಲ್ಲ ದೊಡ್ಡ ಗದ್ದಲ ಎಬ್ಬಿಸಿದರು. ಸೆಪ್ಟೆಂಬರಿನಲ್ಲಿ 'ಬೇಕಾದವರು ಮಾತ್ರ ಬಳಸಿ' ಎಂದು ಹಿಂದೆ ಸರಿಯಬೇಕಾಯಿತು. ಸಾಧನ ಬಿಟ್ಟುಹೋಗಲಿಲ್ಲ, ದೂರುಗಳನ್ನು ಒಂದೊಂದಾಗಿ ತಿದ್ದಿದರು. ನಾನು ಇಂದು ಸಲೀಸಾಗಿ ಬಳಸುವುದು ಅದನ್ನೇ. ಹೊಸ ಬರುವವರ ಅನುಕೂಲಕ್ಕೆ ಮಾಡಿದ್ದಕ್ಕೆ ಹಳಬರ ಒಪ್ಪಿಗೆ ಮೊದಲೇ ಕೇಳಬೇಕಿತ್ತು ಎಂದು ನನಗನ್ನಿಸುತ್ತದೆ. ಹಳಬರಿಗೂ ಸ್ವಲ್ಪ ತಾಳ್ಮೆ ಬೇಕಿತ್ತು. ಸೊಸೆ ಬಂದ ಹೊಸದರಲ್ಲಿ ಅಡುಗೆಮನೆಯ ಡಬ್ಬಿಗಳ ಜಾಗ ಬದಲಾದಾಗ ಆಗುವ ಜಗಳವೇ ಇದು!

ಈಚೆಗೆ 2023ರಲ್ಲಿ ಇಂಗ್ಲಿಷ್ ಪುಟದ ರೂಪವನ್ನೇ ಬದಲಿಸಿದಾಗ ಅಕ್ಕಪಕ್ಕ ಬಿಳಿ ಜಾಗ ಬಹಳವಾಯಿತೆಂದು ಜನ ಗೊಣಗಿದರು. ಬೇಕಾದವರಿಗೆ ಪುಟ ಅಗಲ ಮಾಡಿಕೊಳ್ಳುವ ಗುಂಡಿ ಸಿಕ್ಕಿತು. 2024ರಲ್ಲಿ ಅಕ್ಷರ ದೊಡ್ಡದು ಮಾಡಿಕೊಳ್ಳುವ ಸೌಲಭ್ಯವೂ ಬಂತು. ಚಾಳೀಸು ದಾಟಿದವರಿಗೆ ಇದರ ಬೆಲೆ ಗೊತ್ತು.

ಕನ್ನಡದ ಕಷ್ಟ

ಕನ್ನಡದ ತೊಂದರೆಗಳು ಬೇರೆ. ಮೊದಲನೆಯದು ಅಕ್ಷರ ಮೂಡಿಸುವುದು. ಕೆ.ಪಿ. ರಾವ್ ಅವರಂಥವರು ಕನ್ನಡಕ್ಕೆ ಒಪ್ಪುವ ಕೀಲಿಮಣೆ ರೂಪಿಸಿದ್ದರೂ, ಅದನ್ನು ಗಣಕಯಂತ್ರದಲ್ಲಿ ಹೊಂದಿಸಿಕೊಳ್ಳಲು ಬರದವರು ಏನು ಮಾಡಬೇಕು? ಆಮೇಲೆ ವಿಕಿಪೀಡಿಯದ ಒಳಗೇ ಕನ್ನಡ ಟೈಪು ಮಾಡುವ ವ್ಯವಸ್ಥೆ ಕೂಡಿಸಿದರು. ಈಗಂತೂ ಮೊಬೈಲಿಗೆ ಹೇಳಿದರೆ ಅದೇ ಬರೆದುಕೊಳ್ಳುತ್ತದೆ. ನಮ್ಮ ಕಡೆಯ ಕನ್ನಡ ಕೇಳಿದರೆ ಮಾತ್ರ ಸ್ವಲ್ಪ ತಡವರಿಸುತ್ತದೆ.

ಎರಡನೆಯ ಕಥೆ ಸ್ವಾರಸ್ಯದ್ದು. 2010ರ ಆಸುಪಾಸಿನಲ್ಲಿ ಗೂಗಲ್ ಕಂಪನಿ ಹಣ ಕೊಟ್ಟು ಇಂಗ್ಲಿಷ್ ಲೇಖನಗಳನ್ನು ಕನ್ನಡ, ತಮಿಳು, ತೆಲುಗು, ಬಂಗಾಳಿ ಮುಂತಾದ ಭಾಷೆಗಳಿಗೆ ಯಂತ್ರದ ನೆರವಿನಿಂದ ಅನುವಾದ ಮಾಡಿಸಿ ವಿಕಿಪೀಡಿಯದಲ್ಲಿ ತುಂಬಿಸತೊಡಗಿತು. ಲೇಖನಗಳ ಸಂಖ್ಯೆಯೇನೋ ಏರಿತು. ಆದರೆ ವಾಕ್ಯಗಳು ಸೊಂಟ ಉಳುಕಿದವರಂತೆ ನಡೆಯುತ್ತಿದ್ದವು. ನಮ್ಮವರಿಗೆ ಹೆಸರೂ ಗೊತ್ತಿಲ್ಲದ ಪರದೇಶದ ಹಾಡುಗಾರರ ಮೇಲೆ ಮಾರುದ್ದ ಬರಹ! ತಮಿಳರು 2010ರಲ್ಲಿ ಪೋಲೆಂಡ್ ದೇಶದಲ್ಲಿ ನಡೆದ ವಿಕಿಪೀಡಿಯ ಸಮ್ಮೇಳನದಲ್ಲಿಯೇ ಇದರ ಲೋಪಗಳನ್ನು ಎತ್ತಿ ಹೇಳಿದರು. ಬಂಗಾಳಿಗಳು ಇಂಥ ಲೇಖನ ನಮಗೆ ಬೇಡವೆಂದರು. ಮುಂದೆ ಆ ಯೋಜನೆ ನಿಂತಿತು. ಕನ್ನಡದಲ್ಲಿ ಅವನ್ನು ತಿದ್ದುವ ಕೆಲಸ ಮಾತ್ರ ಸ್ವಯಂಸೇವಕರ ಪಾಲಿಗೆ ಉಳಿಯಿತು. ರಾಶಿ ಹಾಕುವುದು ಸುಲಭ, ಹಸನು ಮಾಡುವುದು ಕಷ್ಟ. ಅಕ್ಕಿಯಲ್ಲಿ ಹರಳು ಆರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಚ್ಚಾಗದ ಮಾತಿಗೆ ಬೆಲೆಯಿಲ್ಲ

ಇಷ್ಟೆಲ್ಲ ತಿಳಿದ ಮೇಲೆ ಅತ್ತೆಯವರ ಕೈಯಿಂದಲೇ ಸಂಕೇಶ್ವರಿ ಮೆಣಸಿನಕಾಯಿಯ ಬಗ್ಗೆ ಬರೆಸೋಣವೆಂದು ಹೊರಟೆ. ಅಲ್ಲಿ ಒಂದು ಬಾಗಿಲು ಎದುರಾಯಿತು. ವಿಕಿಪೀಡಿಯದಲ್ಲಿ ಸ್ವಂತ ಅನುಭವ ಬರೆಯುವಂತಿಲ್ಲ. ಹೇಳುವ ಮಾತು ಪುಸ್ತಕದಲ್ಲೋ ಪತ್ರಿಕೆಯಲ್ಲೋ ಅಚ್ಚಾಗಿರಬೇಕು. ಅದರ ಉಲ್ಲೇಖ ಕೊಡಬೇಕು. ಕೊಡದಿದ್ದರೆ ತೆಗೆಯುತ್ತಾರೆ. ಅಡುಗೆ ಮಾಡುವ ವಿಧಾನಕ್ಕೂ ಅಲ್ಲಿ ಜಾಗವಿಲ್ಲ. ಅದಕ್ಕೆ ವಿಕಿಬುಕ್ಸ್ ಎಂಬ ಬೇರೆ ತಾಣವಿದೆ.

ನಿಯಮ ತಪ್ಪೆಂದು ನಾನು ಹೇಳಲಾರೆ. ಇಲ್ಲದಿದ್ದರೆ ಅರಿಶಿನ ತಿಂದು ಎಲ್ಲ ರೋಗ ಹೋಯಿತು ಎಂದು ಬರೆಯುವವರ ಕೈಗೆ ಕಡಿವಾಣ ಯಾವುದು? ಆದರೆ ಈ ನಿಯಮದಿಂದ ಯಾರು ಹೊರಗುಳಿಯುತ್ತಾರೆ ಎಂಬುದನ್ನೂ ನೋಡಬೇಕು. ಕೆನಡಾದ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಎಂಬ ವಿಜ್ಞಾನಿಗೆ 2018ರ ಅಕ್ಟೋಬರ್ 2ರಂದು ಭೌತಶಾಸ್ತ್ರದ ನೊಬೆಲ್ ಬಂತು. ಮೇರಿ ಕ್ಯೂರಿ, ಮರಿಯಾ ಗೋಪರ್ಟ್ ಮೇಯರ್ ಬಿಟ್ಟರೆ ಆ ಬಹುಮಾನ ಪಡೆದ ಮೂರನೆಯ ಹೆಂಗಸು. ಆ ಬೆಳಗ್ಗೆ ವಿಕಿಪೀಡಿಯದಲ್ಲಿ ಅವರ ಮೇಲೆ ಒಂದು ಲೇಖನವಿರಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಯಾರೋ ಬರೆದು ಕಳಿಸಿದ್ದ ಕರಡು, ಸಾಕಷ್ಟು ಆಧಾರವಿಲ್ಲವೆಂದು ತಿರಸ್ಕೃತವಾಗಿತ್ತು. ಪತ್ರಿಕೆಗಳು ಅವರ ಬಗ್ಗೆ ಬರೆದಿರಲಿಲ್ಲ, ಆದ್ದರಿಂದ ವಿಕಿಪೀಡಿಯವೂ ಬರೆಯಲಿಲ್ಲ. ನೊಬೆಲ್ ಬರುವ ವಿಜ್ಞಾನಿಯ ಪಾಡೇ ಇದಾದರೆ, ನಲವತ್ತು ವರ್ಷ ಖಾರ ಕುಟ್ಟಿಸಿದ ನಮ್ಮ ಅತ್ತೆಯವರದು?

ಈ ಕೊರತೆ ತುಂಬಲೆಂದೇ 2015ರಿಂದ ಇಂಗ್ಲಿಷಿನಲ್ಲಿ ಸ್ತ್ರೀಯರ ಜೀವನಚರಿತ್ರೆ ಬರೆಯುವ ಒಂದು ಗುಂಪು ಕೆಲಸ ಮಾಡುತ್ತಿದೆ. ಅಲ್ಲಿನ ಜೀವನಚರಿತ್ರೆಗಳಲ್ಲಿ ನೂರಕ್ಕೆ 15ರ ಸುಮಾರು ಇದ್ದ ಸ್ತ್ರೀಯರ ಪಾಲು 20ರ ಹತ್ತಿರ ಬಂದಿದೆ.

ನೀವೂ ಕೈಹಚ್ಚುವುದಾದರೆ ನಾನು ಕಲಿತದ್ದಷ್ಟು ಹೇಳುತ್ತೇನೆ. ಮೊದಲು ಒಂದು ಖಾತೆ ತೆರೆಯಿರಿ; ನಿಜವಾದ ಹೆಸರೇ ಬೇಕೆಂದಿಲ್ಲ, ಬೇರೆ ಹೆಸರಿಟ್ಟುಕೊಳ್ಳುವುದೇ ಲೇಸು. ಫೋನ್ ನಂಬರು, ಮಕ್ಕಳ ಶಾಲೆ ಇಂಥದ್ದೆಲ್ಲ ಅಲ್ಲಿ ಬರೆಯಬೇಡಿ, ಜಗತ್ತೇ ನೋಡುತ್ತದೆ. 'ಪ್ರಯೋಗಪುಟ'ದಲ್ಲಿ ಕೈ ಪಳಗಿಸಿಕೊಳ್ಳಿ. ಆಮೇಲೆ ಯಾವುದಾದರೂ ಲೇಖನದಲ್ಲಿ ಒಂದು ಕಾಗುಣಿತ ತಿದ್ದಿ ನೋಡಿ. ಪುಸ್ತಕದಿಂದ ಪೂರ್ತಿ ನಕಲು ಮಾಡಬೇಡಿ, ಓದಿ ನಿಮ್ಮ ಮಾತಿನಲ್ಲಿ ಬರೆಯಿರಿ. ಪುಸ್ತಕದ ಹೆಸರು, ಪ್ರಕಟವಾದ ವರ್ಷ, ಪುಟ ಸಂಖ್ಯೆ ಬರೆದಿಡಿ. ತಿದ್ದಲು ಧೈರ್ಯ ಸಾಲದಿದ್ದರೆ 'ಚರ್ಚೆ'ಯಲ್ಲಿ 'ಇದು ಸರಿಯಿಲ್ಲ, ಕಾರಣ ಇದು' ಎಂದು ಒಂದು ಸಾಲು ಹಾಕಿದರೂ ನಡೆಯುತ್ತದೆ. ಹಿರಣ್ಯಕೇಶಿ ನದಿಯದೋ ಗೋಕಾಕ ಜಲಪಾತದ್ದೋ ನೀವೇ ತೆಗೆದ ಫೋಟೋ ಇದ್ದರೆ ಅದನ್ನೂ ಕೊಡಬಹುದು. ಫೋಟೋಕ್ಕೆ ಅಚ್ಚಾದ ಆಧಾರ ಬೇಕಿಲ್ಲ.

ಮೆಣಸಿನಕಾಯಿಗೆ ಆಧಾರ ಬೇಕು ಎಂದು ಅತ್ತೆಯವರಿಗೆ ಹೇಳಿದೆ. ಅವರು ಸುಮ್ಮನೆ ಎದ್ದು ಅಟ್ಟದ ಕಡೆ ನಡೆದರು. ಧೂಳು ಜಾಡಿಸಿ ಒಂದು ಹಳೆಯ ಸೀರೆಯ ಗಂಟು ತಂದಿಟ್ಟರು. ಒಳಗೆ ನೋಟ್‌ಬುಕ್ಕಿಗೆ ಅಂಟಿಸಿದ ಪತ್ರಿಕೆಯ ತುಣುಕುಗಳು: ಹೆಣಿಕೆ, ಉಪ್ಪಿನಕಾಯಿ, ಬಾಣಂತಿಯ ಆರೈಕೆ. ನಡುವೆ ಇತ್ತು ನೋಡಿ, ನಮ್ಮ ಭಾಗದ ಮೆಣಸಿನಕಾಯಿಗಳ ಮೇಲೆ ಅರ್ಧ ಪುಟದ ಲೇಖನ.

"ಸಾಕೇನ ಇಷ್ಟು? ಅಚ್ಚಾಗೈತಿ ನೋಡ."

ಹುಡುಗಿ ತಿರುಗಿಸಿ ಮುರುಗಿಸಿ ನೋಡಿದಳು. ಅತ್ತೆಯವರು ಅಂಚು ಬಿಡದೆ ಕತ್ತರಿಯಾಡಿಸಿದ್ದರು. ಪತ್ರಿಕೆಯ ಹೆಸರಿಲ್ಲ, ತಾರೀಖಿಲ್ಲ, ಪುಟದ ಸಂಖ್ಯೆಯೂ ಇಲ್ಲ.

"ಅಯ್ಯ, ಅದು ಮ್ಯಾಲಿಂದು ಬರೇ ಹೆಸರ ಇತ್ತಲ್ಲ ಅಂತ ತೆಗದನವಾ..." ಎಂದು ಅತ್ತೆಯವರು ಪೇಚಾಡಿಕೊಂಡರು. ಆಮೇಲೆ ಸ್ವಲ್ಪ ಹೊತ್ತು ಯೋಚಿಸಿ, "ನಮ್ಮ ಕಿರಿಯಾಕಿ ಹುಟ್ಟಿದ ವರ್ಷ ಅದು. ಹುಕ್ಕೇರಿ ಲೈಬ್ರರಿಯಾಗ ಹಳೇವು ಇಟ್ಟಿರತಾರೇನ ಕೇಳ" ಎಂದರು.

ಬರುವ ಸೋಮವಾರ ಹೋಗುವವರಿದ್ದೇವೆ.