ಹತ್ತು ಜನ ಸೇರಿ ಮಾಡುವ ವೈದ್ಯ

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1950ರ ದಶಕದಲ್ಲಿ ಒಬ್ಬ ಡಾಕ್ಟರಮ್ಮ ಗಾಲಿಕುರ್ಚಿಯಲ್ಲಿ ಕೂತೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಮೇಜಿನ ಮೇಲೆ ಕುಷ್ಠರೋಗದಿಂದ ಬೆರಳು ಮಡಚಿಹೋದ ಕೈ. ಆ ಕೈ ಬಿಡಿಸಲು ಹೊರಟವರಿಗೆ ಸೊಂಟದಿಂದ ಕೆಳಗೆ ಸ್ವಾಧೀನವಿರಲಿಲ್ಲ. ಅವರ ಹೆಸರು ಮೇರಿ ವರ್ಗೀಸ್.

ಕೊಚ್ಚಿಯ ಕಡೆಯವರು, 1925ರಲ್ಲಿ ಹುಟ್ಟಿದವರು. ವೆಲ್ಲೂರಿನಲ್ಲೇ ವೈದ್ಯಕೀಯ ಓದಿ, ಸ್ತ್ರೀರೋಗ ತಜ್ಞೆಯಾಗುವ ಆಸೆಯಿಂದ ಅಲ್ಲೇ ಕೆಲಸಕ್ಕಿದ್ದರು. 1954ರಲ್ಲಿ ಸಹೋದ್ಯೋಗಿಗಳ ಜೊತೆ ಹೊರಟಿದ್ದ ವಾಹನ ಉರುಳಿಬಿತ್ತು. ಮುಖಕ್ಕೂ ಬೆನ್ನುಹುರಿಗೂ ಪೆಟ್ಟು. ಬೆನ್ನುಹುರಿಗೆ ಪೆಟ್ಟಾದವರು ಹಾಸಿಗೆಹುಣ್ಣಿನಿಂದಲೋ ಮೂತ್ರದ ಸೋಂಕಿನಿಂದಲೋ ಬೇಗ ತೀರಿಹೋಗುತ್ತಿದ್ದ ಕಾಲ ಅದು. ಬದುಕಿ ಉಳಿದರೂ ಇನ್ನು ಮೂಲೆಯ ಮಂಚವೇ ಗತಿ ಎಂದು ಮನೆಯವರೂ ಊರವರೂ ತೀರ್ಮಾನಿಸಿಬಿಡುತ್ತಿದ್ದರು.

ಹಾಗೆ ತೀರ್ಮಾನಿಸದ ಒಬ್ಬರು ಅದೇ ಆಸ್ಪತ್ರೆಯಲ್ಲಿದ್ದರು, ಡಾ. ಪಾಲ್ ಬ್ರ್ಯಾಂಡ್. ಕುಷ್ಠರೋಗಿಗಳ ಕೈಕಾಲು ಊನವಾಗುವುದಕ್ಕೆ ನರಗಳು ಸತ್ತು ಸ್ಪರ್ಶಜ್ಞಾನ ಹೋಗುವುದೇ ಮುಖ್ಯ ಕಾರಣ ಎಂದು ತೋರಿಸಿಕೊಟ್ಟವರು. ಚೆನ್ನಾಗಿರುವ ಒಂದು ಸ್ನಾಯುರಜ್ಜುವನ್ನು ಜಾಗ ಬದಲಿಸಿ ಹೊಲಿದು, ಮಡಚಿದ ಬೆರಳು ಮತ್ತೆ ಬಿಚ್ಚುವಂತೆ ಮಾಡುತ್ತಿದ್ದರು. ಕೈಯ ಶಸ್ತ್ರಚಿಕಿತ್ಸೆಯನ್ನು ಕೂತು ಮಾಡಬಹುದು, ನೀನು ಯಾಕೆ ಕಲಿಯಬಾರದು ಎಂದು ಮೇರಿಯವರನ್ನು ಹುರಿದುಂಬಿಸಿದವರು ಇವರೇ.

ಇಂಥ ಕೈಯ ವಿಷಯದಲ್ಲಿ ಶಸ್ತ್ರಚಿಕಿತ್ಸಕರ ಕೆಲಸ ಮುಗಿಯುವುದು ಒಂದೆರಡು ತಾಸಿನಲ್ಲಿ. ಆಮೇಲೆ ವಾರಗಟ್ಟಲೆ ಫಿಸಿಯೋಥೆರಪಿಸ್ಟ್ ಪಕ್ಕದಲ್ಲಿ ಕೂತು, ಜಾಗ ಬದಲಾದ ಆ ಸ್ನಾಯುವಿಗೆ ಹೊಸ ಕೆಲಸ ಕಲಿಸಬೇಕು. ಬೆರಳಿಗೆ ಸ್ಪ್ಲಿಂಟ್ ಕಟ್ಟಬೇಕು. ಕೈ ನೆಟ್ಟಗಾದರೂ ಆಗ ಊರು ಒಳಗೆ ಸೇರಿಸುತ್ತಿರಲಿಲ್ಲ, ಆದ್ದರಿಂದ ಬಡಗಿ ಕೆಲಸದಂಥ ಏನಾದರೊಂದು ಕಸುಬು ಹೇಳಿಕೊಡಬೇಕಿತ್ತು. ಅದಕ್ಕೆಂದೇ ಬ್ರ್ಯಾಂಡ್ ಅಲ್ಲಿ ‘ನವಜೀವ ನಿಲಯಂ’ ಎಂಬ ಕೇರಿಯನ್ನೇ ಕಟ್ಟಿದ್ದರು. ಕತ್ತರಿ ಒಂದರಿಂದ ಮನುಷ್ಯ ಮನೆ ಸೇರುವುದಿಲ್ಲ ಎನ್ನುವುದನ್ನು ಮೇರಿ ಎರಡು ಕಡೆಯಿಂದಲೂ ಕಂಡರು, ವೈದ್ಯೆಯಾಗಿ ಮತ್ತು ರೋಗಿಯಾಗಿ.

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ತಮ್ಮ ದೇಹವನ್ನು ತಾವೇ ನಿಭಾಯಿಸಲು ಕಲಿತರು. ನ್ಯೂಯಾರ್ಕಿನಲ್ಲಿ ಹೊವಾರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಪುನರ್ವಸತಿ ವೈದ್ಯಶಾಸ್ತ್ರ ಓದಿದರು. ತಿರುಗಿ ಬಂದು 1963ರಲ್ಲಿ ವೆಲ್ಲೂರಿನ ಪುನರ್ವಸತಿ ವಿಭಾಗದ ಮುಖ್ಯಸ್ಥೆಯಾದರು. 1966ರಲ್ಲಿ ಊರ ಹೊರಗಿನ ಬಾಗಾಯಂನಲ್ಲಿ ಪುನರ್ವಸತಿ ಸಂಸ್ಥೆ ಬಾಗಿಲು ತೆರೆಯಿತು. ರೋಗಿಗಳನ್ನು ಒಳಗೇ ಇರಿಸಿಕೊಂಡು ಬದುಕಲು ಕಲಿಸುವ ಇಂಥ ಸಂಸ್ಥೆಗಳಲ್ಲಿ ದೇಶಕ್ಕೇ ಮೊದಲನೆಯದು ಎಂಬ ಹೆಸರು ಅದಕ್ಕಿದೆ. 1972ರಲ್ಲಿ ಪದ್ಮಶ್ರೀ ಬಂತು. 1986ರಲ್ಲಿ ಅವರು ತೀರಿಕೊಂಡರು. ಕೋಲಾರದ ಕಡೆಯಿಂದ, ಬೆಂಗಳೂರಿನಿಂದ ಕಾಟ್ಪಾಡಿಯಲ್ಲಿ ರೈಲಿಳಿದು ವೆಲ್ಲೂರಿಗೆ ಹೋಗುವ ಕನ್ನಡಿಗರಿಗೆ ಲೆಕ್ಕವಿಲ್ಲ. ಬಾಗಾಯಂನ ಆ ಆವರಣ ನೋಡಿದವರು ಅವರಲ್ಲಿ ಕಡಿಮೆ.

ಅಲ್ಲಿ ನಡೆಯುವುದೇನು ಎಂದು ತಿಳಿಯಲು ನಮ್ಮ ಮಲೆನಾಡಿನ ಒಬ್ಬ ಕೊನೆಗೌಡನನ್ನು ನೆನೆಸಿಕೊಳ್ಳಿ. ಮಳೆಗೆ ಜಾರುವ ಅಡಿಕೆ ಮರದಿಂದ ಬಿದ್ದಿದ್ದಾನೆ. ಮೂಳೆಗೆ ರಾಡು ಹಾಕಿದ್ದಾಗಿದೆ, ಕಾಲು ಬರಲಿಲ್ಲ. ಮೊದಲ ದಿನಗಳಲ್ಲಿ ಅವನ ಜೀವ ಇರುವುದು ನರ್ಸಿನ ಕೈಯಲ್ಲಿ. ಹಗಲೂ ರಾತ್ರಿಯೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಸೊಂಟದ ಹಿಂದೆ ಚರ್ಮ ಕೆಂಪಾಗಿ, ಒಡೆದು, ಮೂಳೆ ಕಾಣುವಷ್ಟು ಹುಣ್ಣಾಗುತ್ತದೆ, ನೋವಿಲ್ಲದ್ದರಿಂದ ಅವನಿಗೆ ಗೊತ್ತೇ ಆಗುವುದಿಲ್ಲ. ಫಿಸಿಯೋಥೆರಪಿಸ್ಟ್ ತೋಳು, ಹೆಗಲು ಬಲಪಡಿಸಿ, ಕುರ್ಚಿಯ ಕೈಗೆ ಅಂಗೈ ಊರಿ ಆಗಾಗ ಪೃಷ್ಠ ಎತ್ತುವುದನ್ನು ರೂಢಿ ಮಾಡಿಸುತ್ತಾರೆ. ಆಕ್ಯುಪೇಷನಲ್ ಥೆರಪಿಸ್ಟ್ ಕೇಳುವ ಪ್ರಶ್ನೆಗಳೇ ಬೇರೆ: ಮನೆಯ ಹೊಸ್ತಿಲು ಎಷ್ಟು ಎತ್ತರ? ಬಚ್ಚಲು ಒಳಗೋ ಹೊರಗೋ? ಪಂಚೆ ಉಟ್ಟುಕೊಳ್ಳುವುದು ಮಲಗಿಯೋ ಕೂತೋ? ಕಾಲಿಗೆ ಆಸರೆಯಾಗುವ ಕ್ಯಾಲಿಪರ್ ಮಾಡುವವರು ಅಳತೆ ತೆಗೆದುಕೊಳ್ಳುತ್ತಾರೆ. ಮನಶ್ಶಾಸ್ತ್ರಜ್ಞರು ಅವನ ಮೌನವನ್ನು ಗಮನಿಸುತ್ತಾರೆ. ಸಮಾಜ ಕಾರ್ಯಕರ್ತರು ಹೆಂಡತಿಯನ್ನು ಕೂರಿಸಿಕೊಂಡು ಸಾಲ ಎಷ್ಟಿದೆ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ ಎಂದು ವಿಚಾರಿಸುತ್ತಾರೆ. ಇವರೆಲ್ಲ ಒಂದೇ ಮೇಜಿನ ಸುತ್ತ ಕೂತು, ಮುಂದಿನ ವಾರಕ್ಕೆ ಇವನಿಂದ ಏನಾಗಬೇಕು ಎಂದು ಅವನನ್ನೂ ಕೇಳಿ ನಿರ್ಧರಿಸುವುದೇ ಈ ಶಾಸ್ತ್ರದ ಹೃದಯ. ವೈದ್ಯರು ಆ ಮೇಜಿನಲ್ಲಿ ಒಬ್ಬರು.

ಎರಡು ಗಂಟೆಯ ಆ ನಿಯಮವನ್ನು ಹಟ ಹಿಡಿದು ನಡೆಸಿದವರು ಲುಡ್ವಿಗ್ ಗುಟ್‌ಮನ್. ಜರ್ಮನಿಯಿಂದ ಇಂಗ್ಲೆಂಡಿಗೆ ಬಂದ ಯಹೂದಿ ವೈದ್ಯ. 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ವಿಭಾಗ ತೆರೆದರು. 1948ರಲ್ಲಿ ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ ಗಾಲಿಕುರ್ಚಿಯಲ್ಲಿದ್ದ 16 ಮಂದಿಗೆ ಬಿಲ್ಲುಗಾರಿಕೆ ಸ್ಪರ್ಧೆ ನಡೆಸಿದರು. ಇಂದಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ. ಮೇರಿಯವರು ವೆಲ್ಲೂರಿನಲ್ಲಿ ಅಧಿಕಾರ ವಹಿಸಿಕೊಂಡ 1963ರಲ್ಲೇ ‘ಪ್ಯಾರಾಪ್ಲೀಜಿಯಾ’ ಎಂಬ ಸಂಶೋಧನಾ ಪತ್ರಿಕೆಯೂ ಗುಟ್‌ಮನ್ ಅವರ ಮುಂದಾಳತ್ವದಲ್ಲಿ ಹೊರಬಂತು. ಈಗ ಅದರ ಹೆಸರು ‘ಸ್ಪೈನಲ್ ಕಾರ್ಡ್’.

ಪತ್ರಿಕೆಯ ಅಗತ್ಯ ಸಣ್ಣದಾಗಿರಲಿಲ್ಲ. ಲಕ್ವ ಹೊಡೆದ ಒಬ್ಬರ ವಿಷಯ ತೆಗೆದುಕೊಂಡರೂ ನುಂಗುವ ತೊಂದರೆಯ ಸಂಶೋಧನೆ ವಾಕ್-ಶ್ರವಣದವರ ಪತ್ರಿಕೆಗೆ ಹೋಗುತ್ತದೆ, ಹೆಗಲ ನೋವಿನದು ಮೂಳೆಯವರಿಗೆ, ಮಿದುಳಿನದು ನರತಜ್ಞರಿಗೆ, ಹುಣ್ಣಿನದು ನರ್ಸುಗಳಿಗೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುವುದಿಲ್ಲ. ಅವೆಲ್ಲವನ್ನೂ ಒಂದೇ ರಟ್ಟಿನೊಳಗೆ ತರುವ ಪತ್ರಿಕೆಗಳು ಬೇಕಾಗಿದ್ದವು. ನಮ್ಮಲ್ಲಿ ಈ ಕೆಲಸಕ್ಕೆ ಮೊದಲೇ ಕೈ ಹಾಕಿದವರಲ್ಲಿ ಕಮಲಾ ನಿಂಬ್ಕರ್ ಒಬ್ಬರು. ಅಮೆರಿಕದಲ್ಲಿ ಹುಟ್ಟಿ, ಇಲ್ಲಿಗೆ ಮದುವೆಯಾಗಿ ಬಂದು, 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಆಕ್ಯುಪೇಷನಲ್ ಥೆರಪಿ ಶಾಲೆ ಶುರುಮಾಡಿದವರು. ‘ಜರ್ನಲ್ ಆಫ್ ರಿಹ್ಯಾಬಿಲಿಟೇಷನ್ ಇನ್ ಏಷ್ಯಾ’ದ ಸಂಪಾದಕಿಯಾಗಿದ್ದವರೂ ಅವರೇ.

ಈ ಶಾಸ್ತ್ರದ ಪ್ರಬಂಧಗಳಲ್ಲಿ ನನಗೆ ಬಹಳ ಇಷ್ಟವಾದ ಒಂದರ ವಿಷಯ ಹೇಳಬೇಕು. 1965ರಲ್ಲಿ ‘ಮೇರಿಲ್ಯಾಂಡ್ ಸ್ಟೇಟ್ ಮೆಡಿಕಲ್ ಜರ್ನಲ್’ ಎಂಬ, ಅಮೆರಿಕದ ಒಂದು ರಾಜ್ಯದ ಪುಟ್ಟ ಪತ್ರಿಕೆಯಲ್ಲಿ ಐದು ಪುಟದ ಲೇಖನವೊಂದು ಬಂತು. ಬರೆದವರು ಇಬ್ಬರು ಹೆಂಗಸರು: ವೈದ್ಯೆ ಫ್ಲಾರೆನ್ಸ್ ಮಹೋನಿ, ಫಿಸಿಯೋಥೆರಪಿಸ್ಟ್ ಡೊರೊಥಿಯಾ ಬಾರ್ಥೆಲ್. ರೋಗಿ ತಾನೇ ಉಣ್ಣಬಲ್ಲನೇ, ಸ್ನಾನ ಮಾಡಬಲ್ಲನೇ, ಹಾಸಿಗೆಯಿಂದ ಕುರ್ಚಿಗೆ ದಾಟಬಲ್ಲನೇ, ಮೆಟ್ಟಿಲು ಹತ್ತಬಲ್ಲನೇ, ಮಲಮೂತ್ರ ಹಿಡಿತದಲ್ಲಿದೆಯೇ, ಹೀಗೆ ಹತ್ತು ಅಂಶ. ಎಲ್ಲ ಸೇರಿ ನೂರು ಅಂಕ. ನೂರು ಬಂದರೂ ಒಬ್ಬನೇ ಸಂಸಾರ ನಡೆಸಬಲ್ಲ ಎಂದು ಅರ್ಥವಲ್ಲ, ಸೇವಕರಿಲ್ಲದೆ ತನ್ನ ಪಾಡು ನೋಡಿಕೊಳ್ಳಬಲ್ಲ ಅಷ್ಟೇ ಎಂದು ಅವರೇ ಅಲ್ಲಿ ಎಚ್ಚರಿಸಿದ್ದಾರೆ. ಇಂದು ಬೆಂಗಳೂರಿನಲ್ಲೂ ಬೀಜಿಂಗಿನಲ್ಲೂ ರೋಗಿಯ ಹಾಳೆಯಲ್ಲಿ ಬರೆಯುವ ‘ಬಾರ್ಥೆಲ್ ಸ್ಕೋರ್’ ಅದೇ. ಲೇಖನದಲ್ಲಿ ಮೊದಲ ಹೆಸರು ವೈದ್ಯೆಯದು, ಲೋಕಕ್ಕೆ ಉಳಿದದ್ದು ಫಿಸಿಯೋಥೆರಪಿಸ್ಟ್ ಹೆಸರು. 1972ರ ಇನ್ನೊಂದು ಪ್ರಬಂಧದಲ್ಲೂ ವೈದ್ಯರಲ್ಲದವರ ಪಾಲಿತ್ತು. ರೋಗಿಯೇ ಶುಭ್ರವಾಗಿ ಕೈತೊಳೆದು ಆಗಾಗ ಟ್ಯೂಬ್ ಹಾಕಿ ಮೂತ್ರ ತೆಗೆದುಕೊಳ್ಳಬಹುದು, ಆಪರೇಷನ್ ಕೋಣೆಯ ಮಡಿ ಬೇಕಿಲ್ಲ ಎಂದು ಜ್ಯಾಕ್ ಲ್ಯಾಪಿಡಿಸ್ ತಂಡ ಬರೆದಾಗ, ಲೇಖಕರ ಸಾಲಿನಲ್ಲಿ ಬೆಟ್ಟಿ ಲೋ ಎಂಬ ನರ್ಸ್ ಇದ್ದರು. ಕಿಡ್ನಿ ಕೆಟ್ಟು ಸಾಯುತ್ತಿದ್ದ ಎಷ್ಟೋ ಜನ ಆ ಕ್ರಮದಿಂದ ಬದುಕಿದ್ದಾರೆ.

ಆದರೂ ಬಾರ್ಥೆಲ್ ಪಟ್ಟಿಯಲ್ಲಿ ನಮ್ಮ ಮನೆ ಪೂರ್ತಿ ಕಾಣುವುದಿಲ್ಲ. ನೆಲದ ಮೇಲೆ ಕೂತು ಏಳುವುದು, ಕುಕ್ಕರಗಾಲಿನಲ್ಲಿ ಕೂರುವುದು, ಹಂಡೆಯಿಂದ ನೀರು ತೋಡಿಕೊಳ್ಳುವುದು ಅದರಲ್ಲಿಲ್ಲ. ಅದನ್ನು ಸೇರಿಸಬೇಕಾದವರು ನಾವೇ.

ವಿಶ್ವದಲ್ಲಿ 241 ಕೋಟಿ ಜನರಿಗೆ ಪುನರ್ವಸತಿ ಸೇವೆಯಿಂದ ಉಪಯೋಗವಾಗುವಂಥ ತೊಂದರೆಯಿದೆ ಎಂದು 2020ರಲ್ಲಿ ‘ಲ್ಯಾನ್ಸೆಟ್’ ಲೆಕ್ಕ ಕೊಟ್ಟಿತು. ಸೇವೆ ಸಿಗುವುದು ಮಾತ್ರ ದೊಡ್ಡ ಊರುಗಳಲ್ಲಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಮಾತು ಮತ್ತು ಕಿವಿಗೆ ಮೈಸೂರಿನಲ್ಲಿ 1965ರಿಂದ ಆಯಿಷ್ ಇದೆ. ಕೊನೆಗೌಡನ ಊರಿನಲ್ಲಿ ಇರುವುದು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತ, ವಿಆರ್‌ಡಬ್ಲ್ಯು. ಸ್ವತಃ ಅಂಗವಿಕಲರಾದ ಈ ಕಾರ್ಯಕರ್ತರು ಗೌರವಧನದ ಮೇಲೆ ಮನೆಮನೆ ಸುತ್ತುತ್ತಾರೆ. ಪಿಂಚಣಿ ಅರ್ಜಿ, ಅಂಗವಿಕಲರ ಯುಡಿಐಡಿ ಗುರುತಿನ ಕಾರ್ಡು, ಗಾಲಿಕುರ್ಚಿ ಎಲ್ಲಕ್ಕೂ ಅವರೇ. ಯಾವ ಮನೆಯ ಹೊಸ್ತಿಲು ಯಾರನ್ನು ಒಳಗೇ ಕೂಡಿಹಾಕಿದೆ ಎಂದು ಅವರಿಗೆ ಗೊತ್ತಿರುವಷ್ಟು ಯಾವ ಪ್ರಾಧ್ಯಾಪಕರಿಗೂ ಗೊತ್ತಿಲ್ಲ. ಅವರು ಕಂಡದ್ದು ಪತ್ರಿಕೆಗಳಲ್ಲಿ ಅಚ್ಚಾಗುವುದು ಅಪರೂಪ.

ಜಿಲ್ಲಾ ಆಸ್ಪತ್ರೆಯ ವೈದ್ಯರಲ್ಲಿ, ಫಿಸಿಯೋಥೆರಪಿ ಕಾಲೇಜುಗಳ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟು: ನಿಮ್ಮ ಮುಂದಿನ ಅಧ್ಯಯನದ ಮೇಜಿಗೆ ಈ ಕಾರ್ಯಕರ್ತರನ್ನೂ ಕರೆಯಿರಿ, ಲೇಖಕರ ಪಟ್ಟಿಯಲ್ಲಿ ಅವರ ಹೆಸರೂ ಇರಲಿ. ಅದರ ಸಾರವನ್ನು ಎರಡು ಪುಟ ಕನ್ನಡದಲ್ಲಿ ಬರೆದು ಆ ಪಂಚಾಯಿತಿಗೆ ಕಳಿಸಿಕೊಡಿ.