ಪತ್ರಿಕೆ ಆನ್‌ಲೈನ್ ಆಯ್ತು, ಅಕ್ಷರಗಳು ಎಲ್ಲಿ ಹೋದವು?

ಹೋದ ಭಾನುವಾರದ ಮಾತಿನ ಬರಹರೂಪ ಇದು. ಹಿಂಜವಡಿ ಟ್ರಾಫಿಕ್‌ನಲ್ಲಿ ಕೂತು ವಿಡಿಯೋ ಕೇಳುವವರು ಇರೋ ಹಾಗೇ, ಆಫೀಸಿನಲ್ಲಿ ಇಯರ್‌ಫೋನ್ ಹಾಕೋಕಾಗದೆ ಓದುವವರೂ ಇದ್ದೀರಿ ಅಂತ ಗೊತ್ತು. ಮಾತಾಡುವಾಗ ಅಲ್ಲಲ್ಲಿ ತಡವರಿಸಿದ್ದೆ, ಇಲ್ಲಿ ಸರಿ ಮಾಡಿದ್ದೀನಿ.

ವಿಷಯ ಶುರುವಾಗಿದ್ದು ಅಮ್ಮನ ಒಂದು ಕತೆಯಿಂದ. 2003ರಲ್ಲಿ ನಮ್ಮ ಶಿವಮೊಗ್ಗ ಕಡೆಯ ಒಂದು ಸಣ್ಣ ಮಾಸಪತ್ರಿಕೆಯಲ್ಲಿ ಅದು ಅಚ್ಚಾಗಿತ್ತು. ಅಮ್ಮ ಜೀವನದಲ್ಲಿ ಬರೆದದ್ದೇ ಮೂರು ಕತೆ, ಅಚ್ಚಾದದ್ದು ಅದೊಂದೇ. ಮನೆಯಲ್ಲಿದ್ದ ಪ್ರತಿ ಒಂದು ಮಳೆಗಾಲದಲ್ಲಿ ಅಟ್ಟದ ಪೆಟ್ಟಿಗೆಗೆ ಗೆದ್ದಲು ಹಿಡಿದು ಹೋಯಿತು. ಎರಡು ವರ್ಷದ ಹಿಂದೆ ಫೋನಿನಲ್ಲಿ ಏನೋ ಮಾತಿಗೆ ಬಂದು, "ಅದೊಂದು ಸಿಕ್ಕಿದ್ರೆ ಚೆನ್ನಾಗಿತ್ತು ಕಣೋ. ಏನು ಬರೆದಿದ್ದೆ ಅನ್ನೋದೇ ಮರೆತುಹೋಗಿದೆ" ಅಂದ್ರು.

ಮಗ ಎಂಟೆಕ್ ಮಾಡಿ ಪುಣೆಯಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರೋನು. ಇಷ್ಟೂ ಮಾಡದಿದ್ರೆ ಹೇಗೆ?

ಪತ್ರಿಕೆ ಇನ್ನೂ ನಡೀತಿದೆ. ಸಂಪಾದಕರು ನಿವೃತ್ತ ಮೇಷ್ಟ್ರು, ಫೋನ್ ಮಾಡಿದ್ರೆ ಬಹಳ ಪ್ರೀತಿಯಿಂದ ಮಾತಾಡಿದ್ರು. "ಪ್ರಿಂಟ್ ಮಾಡೋದು ಲಾಕ್‌ಡೌನ್‌ನಲ್ಲೇ ನಿಲ್ಲಿಸಿದ್ವಿ ಕಣಪ್ಪ. ಈಗ ನಮ್ಮದು ಪೂರ್ತಿ ಡಿಜಿಟಲ್."

"ಡಿಜಿಟಲ್ ಅಂದ್ರೆ ಹೇಗೆ ಸರ್?"

"ತಿಂಗಳು ತಿಂಗಳು ವಾಟ್ಸಾಪಿಗೆ ಪಿಡಿಎಫ್ ಹಾಕ್ತೀವಲ್ಲ! ಹಳೇದೂ ಎಲ್ಲ ಸಿಡಿಯಲ್ಲಿದೆ. ಬಂದು ತಗೊಂಡು ಹೋಗು."

ದೀಪಾವಳಿಗೆ ಊರಿಗೆ ಹೋದಾಗ ತಂದೆ. ಹನ್ನೊಂದು ಸಿಡಿ. ಡ್ರೈವ್ ಇರೋ ಕಂಪ್ಯೂಟರ್ ಹುಡುಕೋದೇ ಒಂದು ಕೆಲಸವಾಯ್ತು, ಮೂರು ಸಿಡಿ ಓದಲೇ ಇಲ್ಲ. ಪುಣ್ಯಕ್ಕೆ 2003ರದ್ದು ತೆರೆದುಕೊಂಡಿತು. ಅಮ್ಮನ ಹೆಸರು ಟೈಪ್ ಮಾಡಿ ಹುಡುಕಿದೆ. ಹನ್ನೆರಡು ಸಂಚಿಕೆಯಲ್ಲಿ ಒಂದರಲ್ಲೂ ಇಲ್ಲ ಅಂತ ಬಂತು. ಅನುಮಾನ ಬಂದು ಒಂದೊಂದೇ ಪುಟ ತಿರುಗಿಸಿದರೆ, ಆಗಸ್ಟ್ ಸಂಚಿಕೆಯ 34ನೇ ಪುಟದಲ್ಲಿ ದಪ್ಪಕ್ಷರದಲ್ಲಿ ಅಮ್ಮನ ಹೆಸರು ಕೂತಿದೆ!

ಕಣ್ಣಿಗೆ ಕಾಣ್ತಿರೋದು ಕಂಪ್ಯೂಟರಿಗೆ ಯಾಕೆ ಕಾಣಲಿಲ್ಲ? ನಮ್ಮ ಪತ್ರಿಕೆಗಳ ಡಿಜಿಟಲ್ ಕತೆಯ ಗಂಟು ಇಲ್ಲೇ ಇದೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಬಿಡಿಸ್ತೀನಿ.

ಆ ಕಾಲದಲ್ಲಿ ಕನ್ನಡದ ಡಿಟಿಪಿ ಅಂದ್ರೆ ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಹಾಗಾಗಿ ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳು ಒಂದು ಉಪಾಯ ಮಾಡಿಕೊಂಡಿದ್ದವು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಜಾಗದಲ್ಲೇ ಕನ್ನಡದ ಚೂರುಗಳ ಚಿತ್ರ ಕೂರಿಸೋದು. ನುಡಿಯಲ್ಲಿ 'ಕನ್ನಡ' ಅಂತ ಟೈಪ್ ಮಾಡಿದರೆ ಕಂಪ್ಯೂಟರ್ ಒಳಗೆ ದಾಖಲಾಗೋದು ಏನು ಗೊತ್ತಾ? ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೀಟಿರೋ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಎಸ್ಸೆಟ್, ಚಿಕ್ಕ ಕ್ಯೂ, ಇನ್ನೊಂದು ಸಲ ಎ. ಫಾಂಟ್ ಜೊತೆಗಿದ್ದರೆ ಕನ್ನಡವಾಗಿ ಕಾಣುತ್ತೆ. ಫಾಂಟ್ ತೆಗೆದರೆ ಪೌಂಡ್ ಲೆಕ್ಕ! ಯೂನಿಕೋಡ್‌ನಲ್ಲಿ ಅದೇ ಪದ ಕ, ನ, ಹಲಂತ, ನ, ಡ ಅಂತ ಐದೇ ಸಂಕೇತ, ಎಲ್ಲವೂ ಕನ್ನಡದ್ದೇ.

ಪಿಡಿಎಫ್ ಮಾಡುವಾಗ ಫಾಂಟ್ ಅದರೊಳಗೇ ಸೇರಿಕೊಂಡಿರುತ್ತೆ. ಅದಕ್ಕೇ ಪುಟ ಚೆಂದ ಕಾಣುತ್ತೆ, ಯಾರಿಗೂ ಅನುಮಾನ ಬರಲ್ಲ. ಆದರೆ ಗೂಗಲ್‌ಗೆ ಅದು ಕನ್ನಡವೇ ಅಲ್ಲ. ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೂ ಅಲ್ಲ. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡೋಣ ಅಂದ್ರೆ ಇಡೀ ಪುಟವೇ ದೊಡ್ಡದಾಗಿ ಅಂಚಿನಾಚೆ ಹೋಗುತ್ತೆ. ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಎಳೆಯಬೇಕು. ಎರಡು ಕಾಲಂ ಇದ್ದರಂತೂ ಮುಗೀತು.

ಇದು ಬಡ ಪತ್ರಿಕೆಗಳ ಗೋಳು ಅಂತ ನೀವು ಅಂದುಕೊಂಡರೆ, ಅಮೆರಿಕದ ಒಂದು ದೊಡ್ಡ ಉದಾಹರಣೆ ಇದೆ. ಐಪ್ಯಾಡ್ ಹೊಸದಾಗಿ ಬಂದಿದ್ದ 2010ರ ಮೇನಲ್ಲಿ 'ವೈರ್ಡ್' ಪತ್ರಿಕೆ ತನ್ನ ಆ್ಯಪ್ ತಂತು. ತಂತ್ರಜ್ಞಾನವೇ ಕಸುಬಾದ ಪತ್ರಿಕೆ, ಕೈಜೋಡಿಸಿದ್ದು ಅಡೋಬಿ. ಒಂದು ಸಂಚಿಕೆಯ ಗಾತ್ರ ಸುಮಾರು 500 ಎಂಬಿ! ಬಿಚ್ಚಿ ನೋಡಿದ ಡೆವಲಪರ್‌ಗಳಿಗೆ ಸಿಕ್ಕಿದ್ದು ಬರೀ ಚಿತ್ರಗಳು. ಇನ್‌ಡಿಸೈನ್‌ನಲ್ಲಿ ಮಾಡಿದ ಪ್ರತಿ ಪುಟಕ್ಕೆ ಐಪ್ಯಾಡ್ ನೆಟ್ಟಗೆ ಹಿಡಿದಾಗಿನದೊಂದು ಫೋಟೋ, ಅಡ್ಡ ಹಿಡಿದಾಗಿನದೊಂದು ಫೋಟೋ. ಮೊದಲ ಸಂಚಿಕೆ ಒಂದು ಲಕ್ಷ ದಾಟಿ ಮಾರಾಟವಾಯ್ತು. ಅದೇ ವರ್ಷದ ಕೊನೆಗೆ ತಿಂಗಳಿಗೆ ಇಪ್ಪತ್ತೈದು ಸಾವಿರದೊಳಕ್ಕೆ ಇಳಿದಿತ್ತು. ಹೊಸದರ ಉಮೇದು ಇಳಿದದ್ದೂ ಒಂದು ಕಾರಣ, ಒಪ್ತೀನಿ. ಆದರೆ ಅರ್ಧ ಜಿಬಿ ಇಳಿಸಿಕೊಂಡ ಮೇಲೂ ಒಂದು ವಾಕ್ಯ ಕಾಪಿ ಮಾಡಿ ಗೆಳೆಯನಿಗೆ ಕಳಿಸೋಕಾಗಲ್ಲ ಅಂದ್ರೆ ಯಾರು ತಾನೆ ಎಷ್ಟು ತಿಂಗಳು ತಡಕೊಂಡಾರು?

ಪ್ರಕಾಶಕರು ಪುಟದ ಫೋಟೋಗೆ ಯಾಕೆ ಅಂಟಿಕೊಳ್ತಾರೆ? ಅಭ್ಯಾಸ ಒಂದು ಕಾರಣ. ಪುಟ ಕಟ್ಟೋ ಕೆಲಸ ಈಗಾಗಲೇ ಮುಗಿದಿರುತ್ತೆ, ಒಂದು ಬಟನ್ ಒತ್ತಿದರೆ ಪಿಡಿಎಫ್. ಬರಹವನ್ನು ಬಿಡಿಸಿ ಫೋನಿಗೆ ಒಗ್ಗಿಸೋಕೆ ಇನ್ನೊಬ್ಬರಿಗೆ ಸಂಬಳ ಕೊಡಬೇಕು. ಇದು ನನಗೆ ಮೊದಲೇ ಅಂದಾಜಿತ್ತು. ಗೊತ್ತಿರದೇ ಇದ್ದದ್ದು ಕಾನೂನಿನ ಕಾರಣ.

'ನ್ಯಾಷನಲ್ ಜಿಯಾಗ್ರಫಿಕ್' 1997ರಲ್ಲಿ ತನ್ನ ಹಳೆಯ ಸಂಚಿಕೆಗಳನ್ನೆಲ್ಲ 30 ಸಿಡಿಗಳಲ್ಲಿ ತಂದಾಗ, ನಮ್ಮ ಚಿತ್ರಗಳನ್ನು ಮತ್ತೆ ಮಾರೋಕೆ ನಮ್ಮನ್ನ ಕೇಳಿದ್ರಾ ಅಂತ ಫೋಟೋಗ್ರಾಫರ್‌ಗಳು ಕೋರ್ಟಿಗೆ ಹೋದರು. ಅದು ನಡೀತಿರುವಾಗಲೇ 2001ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಜೊನಾಥನ್ ಟಾಸಿನಿ ಮತ್ತಿತರ ಹವ್ಯಾಸಿ ಬರಹಗಾರರು ನ್ಯೂಯಾರ್ಕ್ ಟೈಮ್ಸ್ ವಿರುದ್ಧ ಹಾಕಿದ್ದ ಕೇಸು ಅದು. ಬಿಡಿ ಬಿಡಿ ಲೇಖನಗಳನ್ನು ಡೇಟಾಬೇಸ್‌ಗೆ ಹಾಕಬೇಕಾದರೆ ಬರೆದವರ ಅನುಮತಿ ಬೇಕು ಅಂತ ಕೋರ್ಟ್ ಹೇಳಿತು. ನ್ಯಾಷನಲ್ ಜಿಯಾಗ್ರಫಿಕ್ ಮಾತ್ರ ಕೊನೆಗೆ, 2008ರಲ್ಲಿ, ಮೇಲ್ಮನವಿ ಕೋರ್ಟಿನಲ್ಲಿ ಗೆದ್ದಿತು. ಯಾಕೆ? ಪುಟಗಳು ಅಚ್ಚಾದ ಹಾಗೇ, ಜಾಹೀರಾತಿನ ಸಮೇತ ಇದ್ದವು. ಅದು ಹಳೆಯ ಪತ್ರಿಕೆಯದೇ ಇನ್ನೊಂದು ರೂಪ ಅಂತ ಕೋರ್ಟ್ ಒಪ್ಪಿತು. ಅಂದರೆ ಅಲ್ಲಿ ಪುಟದ ಫೋಟೋ ವಕೀಲರ ದೃಷ್ಟಿಯಲ್ಲಿ ಸುರಕ್ಷಿತ, ಓದುವ ಅಕ್ಷರ ಅಪಾಯ!

ನಮ್ಮಲ್ಲಿ 1957ರ ಕಾಪಿರೈಟ್ ಕಾಯ್ದೆ ಇದೆ. ಪತ್ರಿಕೆಯ ನೌಕರ ಬರೆದದ್ದರಲ್ಲೂ ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕಷ್ಟೇ ಮಾಲೀಕರಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ ಉಳಿದದ್ದು ಬರೆದವರಿಗೆ. ನಮ್ಮಮ್ಮನ ಹಾಗೆ ಅಂಚೆಯಲ್ಲಿ ಕತೆ ಕಳಿಸಿದವರದ್ದಂತೂ ಸ್ವಂತ ಸ್ವತ್ತು. ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಮನೆಯವರದ್ದು.

ಇದನ್ನ ಸಂಪಾದಕರಿಗೆ ಹೇಳಿದಾಗ ನಕ್ಕರು. "ಎಲ್ಲ ನಮ್ಮವರೇ ಕಣಪ್ಪ, ಯಾರು ಕೇಳ್ತಾರೆ?" ಯಾರೂ ಕೇಳಲಿಕ್ಕಿಲ್ಲ. ಆದರೂ ನನಗೆ ಸರಿ ಅನ್ನಿಸಲಿಲ್ಲ. ಒಂದು ಗೌರವ ಪ್ರತಿ ಬಿಟ್ಟರೆ ಬೇರೇನೂ ಪಡೆಯದೆ ಬರೆದವರು ಅವರು. ಒಂದು ಫೋನಾದರೂ ಮಾಡಬಾರದೇ? ಇದೊಂದು ವಿಷಯಕ್ಕೆ ನಮ್ಮಿಬ್ಬರಿಗೆ ಸ್ವಲ್ಪ ಮಾತಿಗೆ ಮಾತು ಬೆಳೆದು, ಎರಡು ವಾರ ಅವರು ಫೋನ್ ಎತ್ತಲಿಲ್ಲ.

ದುಡ್ಡಿನ ವಿಷಯ. ವಿಡಿಯೋದಲ್ಲಿ ಇದಕ್ಕೆ ಇಪ್ಪತ್ತು ನಿಮಿಷ ತಗೊಂಡಿದ್ದೆ, ಇಲ್ಲಿ ಚಿಕ್ಕದಾಗಿ ಹೇಳ್ತೀನಿ. ಓದುಗರ ದುಡ್ಡಿನಲ್ಲೇ ಪತ್ರಿಕೆ ನಡೆಸೋದು ಕನ್ನಡಕ್ಕೆ ಹೊಸದಲ್ಲ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತೇ ಇಲ್ಲದೆ, ಬರೀ ಪ್ರತಿ ಮಾರಾಟದಿಂದ ನಡೆದದ್ದು. ಈಗ ಸಬ್‌ಸ್ಕ್ರಿಪ್ಷನ್ ಮಾಡೆಲ್ ಅಂತ ಪಿಪಿಟಿ ತೋರಿಸೋರು ಹೇಳೋದೂ ಅದೇ. ಆದರೆ ಆಗ ಅಂಗಡಿಯವನು ನಮ್ಮೂರಿನವನೇ. ಈಗಿನ ಅಂಗಡಿಗಳು ಯಾವಾಗ ಬಾಗಿಲು ಹಾಕ್ತಾವೆ ಅಂತ ಹೇಳೋಕಾಗಲ್ಲ. ಆ್ಯಪಲ್ 2011ರಲ್ಲಿ ನ್ಯೂಸ್‌ಸ್ಟ್ಯಾಂಡ್ ಅಂತ ಪತ್ರಿಕೆಗಳ ಕಪಾಟು ಕೊಟ್ಟು, 2015ರಲ್ಲಿ ತೆಗೆದುಹಾಕಿತು. ಅಮೆಜಾನ್ 2023ರ ಸೆಪ್ಟೆಂಬರ್‌ನಲ್ಲಿ ಕಿಂಡಲ್‌ನ ಪತ್ರಿಕೆ ಚಂದಾ ನಿಲ್ಲಿಸಿತು. ಕನ್ನಡಿಗರಿಗೆ ಕಿಂಡಲ್ ಕಪಾಟು ಮೊದಲಿಂದಲೂ ಅಷ್ಟಕ್ಕಷ್ಟೇ. 2016ರಲ್ಲಿ ಭಾರತೀಯ ಭಾಷೆಗಳ ಇ-ಪುಸ್ತಕ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಮ್ಯಾಗ್‌ಸ್ಟರ್‌ನಂಥ ಕಡೆ ಒಂದೇ ಚಂದಾಕ್ಕೆ ಸಾವಿರಾರು ಪತ್ರಿಕೆ ಸಿಗುತ್ತೆ. ಓದುಗನಿಗೆ ಹಬ್ಬ. ಆದರೆ ಆ ರಾಶಿಯಲ್ಲಿ ಒಂದು ಕನ್ನಡ ಮಾಸಪತ್ರಿಕೆಯ ಪಾಲಿಗೆ ಎಷ್ಟು ಬಂದೀತು, ನೀವೇ ಲೆಕ್ಕ ಹಾಕಿ.

ಇನ್ನು ಕಾರ್ಡಿನಿಂದ ತಾನೇ ತಾನಾಗಿ ಹಣ ಕಡಿತವಾಗೋ ಚಂದಾ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದಾಗ ದೇಶದಲ್ಲಿ ಎಷ್ಟೋ ಜನರ ಆಟೋ ಡೆಬಿಟ್ ನಿಂತುಹೋಯ್ತು, ನೆನಪಿರಬಹುದು. ನಿಯಮ ಗ್ರಾಹಕರಿಗೆ ಒಳ್ಳೆಯದೇ. ಪ್ರಕಾಶಕರಿಗೆ ಮಾತ್ರ ಮರೆತು ಚಂದಾ ಕಟ್ಟುತ್ತಿದ್ದವರೆಲ್ಲ ಹೋದರು! ಸಣ್ಣ ಪತ್ರಿಕೆಗೆ ನಾನು ಹೇಳಿದ್ದು ಒಂದೇ: ವರ್ಷಕ್ಕೊಮ್ಮೆ ಯುಪಿಐನಲ್ಲಿ ನೇರವಾಗಿ ತಗೊಳ್ಳಿ, ಓದುಗರ ಹೆಸರು ನಂಬರ್ ನಿಮ್ಮ ಕೈಯಲ್ಲೇ ಇರಲಿ. ಹಳೇ ಚಂದಾ ಪುಸ್ತಕದ ಕ್ರಮವೇ ಇದು. ಮೇಷ್ಟ್ರಿಗೆ ತಕ್ಷಣ ಹಿಡಿಸಿತು.

ಆದರೆ ಚಂದಾ ಕೊಟ್ಟವರಿಗೆ ಕೊಡೋದೇನು? ಈ ತಿಂಗಳ ಸಂಚಿಕೆ ವಾಟ್ಸಾಪಿನಲ್ಲಿ ಒಬ್ಬರಿಂದ ಹತ್ತು ಗುಂಪಿಗೆ ಬಿಟ್ಟಿಯಾಗಿ ಹೋಗುತ್ತೆ, ತಡೆಯೋಕಾಗಲ್ಲ. ಬೇರೆ ಯಾರ ಹತ್ತಿರವೂ ಇಲ್ಲದ್ದು ಅಂದ್ರೆ ಹಳೆಯ ಸಂಚಿಕೆಗಳ ಭಂಡಾರ. ಇಪ್ಪತ್ತು ವರ್ಷದ ಮಲೆನಾಡಿನ ಕತೆ, ಅಡಿಕೆ ಕೊಳೆರೋಗದ ಬಗ್ಗೆ ರೈತರ ಪತ್ರ, ಯಾವುದೋ ಊರಿನ ಯಕ್ಷಗಾನ ಮೇಳದ ಸುದ್ದಿ. ಅದು ಹುಡುಕಿದರೆ ಸಿಗಬೇಕು. ಅಂದರೆ ಪೌಂಡ್ ಚಿಹ್ನೆ ಕನ್ನಡದ 'ನ' ಆಗಬೇಕು.

ಕೆಲಸಕ್ಕೆ ಇಳಿದೆ. ನುಡಿಯಿಂದ ಯೂನಿಕೋಡ್‌ಗೆ ಬದಲಿಸೋ ಪರಿವರ್ತಕಗಳು ಉಚಿತವಾಗಿ ಸಿಗ್ತವೆ. ಆದರೂ ನಾನೇ ಬರೀತೀನಿ ಅಂತ ಹೊರಟೆ, ಎಂಟೆಕ್ ಜಂಬ. ಮೊದಲ ಔಟ್‌ಪುಟ್‌ನಲ್ಲೇ 'ಕರ್ನಾಟಕ' ಇದ್ದದ್ದೆಲ್ಲ 'ಕನಾರ್ಟಕ' ಆಗಿತ್ತು. 'ವರ್ಷ' ಹೋಗಿ 'ವಷರ್'. ಇಂಥದ್ದನ್ನ ಕೆಲವು ವೆಬ್‌ಸೈಟುಗಳಲ್ಲಿ ನೀವೂ ನೋಡಿ ನಕ್ಕಿರುತ್ತೀರಿ. ಕಾರಣ ಅರ್ಕಾವೊತ್ತು. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣೋ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ದಾಖಲಾಗಿರುತ್ತೆ. ಯೂನಿಕೋಡ್‌ನಲ್ಲಿ ಬಾಯಲ್ಲಿ ಹೇಳೋ ಕ್ರಮ, ರಕಾರ ಮೊದಲು. ಹಾಗಾಗಿ ಪ್ರತಿ ಅರ್ಕಾವೊತ್ತನ್ನೂ ಹಿಂದಿನ ಅಕ್ಷರದ ಬುಡದ ತನಕ ಹಿಂದಕ್ಕೆ ಕರಕೊಂಡು ಹೋಗಿ ಕೂರಿಸಬೇಕು. ಅದು ಸರಿಯಾದ ಮೇಲೆ ಗೊತ್ತಾಯ್ತು, 2007ರ ನಂತರ ಡಿಟಿಪಿಯವರು ಶ್ರೀಲಿಪಿಗೆ ಬದಲಾಯಿಸಿದ್ದಾರೆ ಅಂತ. ಆ ಸಂಕೇತಗಳೇ ಬೇರೆ, ಇನ್ನೊಂದು ಕೋಷ್ಟಕ ಮಾಡಬೇಕಾಯ್ತು.

ಓದದೇ ಇದ್ದ ಮೂರು ಸಿಡಿಯ ಸಂಚಿಕೆಗಳ ಕಾಗದದ ಪ್ರತಿ ಮೇಷ್ಟ್ರ ಹತ್ತಿರ ಇತ್ತು. ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ನ ಓಸಿಆರ್‌ಗೆ ಕೊಟ್ಟೆ. ಕನ್ನಡವನ್ನ ಅದು ಚೆನ್ನಾಗೇ ಓದುತ್ತೆ, ಆದರೆ ಅನುಸ್ವಾರದ ಸೊನ್ನೆಯನ್ನ ಅಂಕಿಯ ಸೊನ್ನೆ ಮಾಡಿಬಿಡುತ್ತೆ, ಒತ್ತಕ್ಷರ ನುಂಗುತ್ತೆ. ಮನುಷ್ಯರು ಕೂತು ತಿದ್ದಲೇಬೇಕು. ಇಲ್ಲಿ ನಿಮ್ಮಲ್ಲಿ ಆರು ಜನ ಕೈಜೋಡಿಸಿದ್ರಿ, ಹೈದರಾಬಾದಿನಿಂದ ಇಬ್ಬರು, ಚೆನ್ನೈನಿಂದ ಒಬ್ಬರು, ಉಳಿದವರು ಇಲ್ಲೇ ಪುಣೆಯವರು. ತಿದ್ದಿದ ಸಂಚಿಕೆಗಳು ಈಗ ಮೂವತ್ತೆಂಟು. ಮೇಷ್ಟ್ರೂ ಕೊನೆಗೆ ಹಳೇ ವಿಳಾಸದ ರಿಜಿಸ್ಟರ್ ತೆಗೆದು ಬರಹಗಾರರಿಗೆ ಒಬ್ಬೊಬ್ಬರಾಗಿ ಫೋನ್ ಮಾಡ್ತಿದ್ದಾರೆ. ಬಹಳ ಕಡೆ ಮಕ್ಕಳು ಎತ್ತುತ್ತಾರಂತೆ. "ಅಪ್ಪ ಕತೆ ಬರೀತಿದ್ರಾ?" ಅಂತ ಒಬ್ಬರು ಇವರನ್ನೇ ಕೇಳಿದ್ರಂತೆ.

ಮೊದಲು ಸಿದ್ಧವಾದದ್ದು 2003ರ ಆಗಸ್ಟ್ ಸಂಚಿಕೆಯೇ, ಇದರಲ್ಲಿ ಸ್ವಜನಪಕ್ಷಪಾತ ಇದೆ, ಮುಚ್ಚುಮರೆ ಇಲ್ಲ. ಅಮ್ಮನ ಫೋನಿಗೆ ಕಳಿಸಿದೆ. ಅಕ್ಷರ ದೊಡ್ಡದು ಮಾಡಿಕೊಂಡು, ಕನ್ನಡಕ ಹಾಕದೆ ಓದಿದ್ರಂತೆ. ಸಂಜೆ ಫೋನ್ ಬಂತು. ಎರಡು ಕಡೆ ಅರ್ಕಾವೊತ್ತು ತಪ್ಪಿದೆ ಅಂದ್ರು, ಬರೆದುಕೊಂಡೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊನೇ ಪ್ಯಾರಾ ನಾನು ಬರೆದದ್ದಲ್ಲ ಕಣೋ. ಅವಳು ತವರಿಗೆ ವಾಪಸ್ ಹೋಗಲ್ಲ, ಬಸ್ ಸ್ಟ್ಯಾಂಡಿನಲ್ಲೇ ಕೂತಿರ್ತಾಳೆ. ಮೇಷ್ಟ್ರು ಬದಲಾಯಿಸಿದ್ರು. ಆಗಲೂ ನಂಗೆ ಬೇಜಾರಾಗಿತ್ತು, ಹೇಳೋಕೆ ಧೈರ್ಯ ಬರಲಿಲ್ಲ. ಈಗ ಕಂಪ್ಯೂಟರಿನಲ್ಲಿ ಇದೆಯಲ್ಲ, ತಿದ್ದಬಹುದಾ?" ಅಂದ್ರು.

ತಿದ್ದೋಕೆ ಎರಡು ನಿಮಿಷ ಸಾಕು. ಆದರೆ 2003ರಲ್ಲಿ ಅಚ್ಚಾದದ್ದು ಹಾಗಲ್ಲವಲ್ಲ. ಮೇಷ್ಟ್ರನ್ನ ಕೇಳಿ ಹೇಳ್ತೀನಿ ಅಮ್ಮ ಅಂದಿದ್ದೀನಿ. ಇನ್ನೂ ಕೇಳಿಲ್ಲ.