ಚಲನ್ ಅಕೌಂಟೆಂಟ್ ಮಾಡಲಿ, ದುಡ್ಡು ನೀವೇ ಕಟ್ಟಿ

ವಿಟ್ಲದಲ್ಲಿ ನನ್ನ ಮಾವನದ್ದೊಂದು ಸಣ್ಣ ಗೇರುಬೀಜದ ಫ್ಯಾಕ್ಟರಿ ಇದೆ. ಕೆಲಸಕ್ಕೆ 25 ಜನ. ಪಿಎಫ್, ಇಎಸ್‌ಐ ಎಲ್ಲ ಒಬ್ಬ ಅಕೌಂಟೆಂಟ್ ನೋಡಿಕೊಳ್ತಾ ಇದ್ರು. ಪಾಸ್‌ವರ್ಡೂ ಅವರದ್ದೇ, ಓಟಿಪಿ ಬರುವ ಮೊಬೈಲೂ ಅವರದ್ದೇ. ಮಾವ ತಿಂಗಳು ತಿಂಗಳು ದುಡ್ಡು ಕೊಡ್ತಾ ಇದ್ರು, ಅಷ್ಟೇ. ಒಂದು ದಿನ ಕೆಲಸದ ಅಕ್ಕ ಒಬ್ಬರು ಉಮಂಗ್ ಆ್ಯಪ್ ತೋರಿಸಿ, "ಧಣಿಗಳೇ, ನಾಲ್ಕು ತಿಂಗಳಿಂದ ನನ್ನ ಪಿಎಫ್ ಬರ್ಲೇ ಇಲ್ಲ ಅಲ್ವಾ?" ಅಂತ ಕೇಳಿದಾಗಲೇ ವಿಷಯ ಗೊತ್ತಾದದ್ದು.

ಲೆಕ್ಕ ಹೀಗೆ. 12,000 ರೂಪಾಯಿ ಸಂಬಳ ಅಂದ್ರೆ ಪಿಎಫ್‌ಗೆ 12%, ಅಂದರೆ 1,440 ರೂಪಾಯಿ, ಇಎಸ್‌ಐಗೆ 0.75%, ಅಂದರೆ 90 ರೂಪಾಯಿ ಕಟ್ ಆಗ್ತದೆ. ಅದು ಕೆಲಸದವರ ದುಡ್ಡು. ಮಾಲೀಕರು ಅದಕ್ಕೆ ತಮ್ಮ ಪಾಲು ಸೇರಿಸಿ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ತಪ್ಪಿದ್ರೆ ಬಡ್ಡಿ, ಮೇಲೆ ದಂಡ. "ಅಕೌಂಟೆಂಟ್‌ಗೆ ಕೊಟ್ಟಿದ್ದೆ" ಅಂದ್ರೆ ನಡೆಯೋದಿಲ್ಲ, ಕಾನೂನಿನ ಪ್ರಕಾರ ಹೊಣೆ ಮಾಲೀಕರದ್ದೇ. ಮಾವ ಎರಡನೇ ಸಲ ಕಟ್ಟಿದ್ರು.

ಈಗ ಲೆಕ್ಕ, ಚಲನ್ ಮಾತ್ರ ಅಕೌಂಟೆಂಟ್‌ದ್ದು. ಪೋರ್ಟಲ್‌ನಲ್ಲಿ ಮಾವನ ನಂಬರ್, ಹಣ ಹೋಗೋದು ಅವರದ್ದೇ ನೆಟ್ ಬ್ಯಾಂಕಿಂಗಿಂದ. ಅದನ್ನು ಕಲಿಸಿದ್ದು ನಾನು. (ಎರಡು ವರ್ಷದ ಇಂಜಿನಿಯರಿಂಗ್‌ಗೆ ಮನೆಯಲ್ಲಿ ಸಿಕ್ಕ ಮೊದಲ ಮರ್ಯಾದೆ!) 10ನೇ ತಾರೀಕಿಗೆ ಕಟ್ಟಿ, ರಶೀದಿ ಪ್ರಿಂಟ್ ತೆಗೆದು ಹಾಜರಿ ಪುಸ್ತಕದ ಪಕ್ಕ ಗೋಡೆಗೆ ಅಂಟಿಸ್ತಾರೆ. ಆ ಅಕ್ಕ ಮಾತ್ರ ಈಗಲೂ ಆ್ಯಪ್ ನೋಡ್ತಾರೆ.